ಬೆಂಟ್ಲಿ ಸಾಹೇಬರ ಸಾಲು

ವಿಶ್ವಕೋಶದ ಪಟ್ಟಿ ತಿದ್ದುವ ಚಟದವರಿಗೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಮಾಸ್ಟರುಗಳ, ಅಂದರೆ ಮುಖ್ಯಸ್ಥರ, ಪಟ್ಟಿಯನ್ನು ಒಪ್ಪಿಸಿ ನೋಡಿ, ವಾರಗಟ್ಟಲೆ ಮನೆಯವರ ಕೈಗೆ ಸಿಗುವುದಿಲ್ಲ. 1546ರಲ್ಲಿ ಎಂಟನೇ ಹೆನ್ರಿ ಕಟ್ಟಿದ ಕಾಲೇಜು. ಮೊದಲ ಸಾಲಿನಲ್ಲಿ ಜಾನ್ ರೆಡ್‌ಮನ್, ಕೆಳಗೆ ಬಂದರೆ 1998ಕ್ಕೆ ನಮ್ಮ ಅಮರ್ತ್ಯ ಸೇನ್. ನಡುವೆಯೆಲ್ಲ ಪಂಚಾಯಿತಿ. ಇಸವಿಗಳ ಮಧ್ಯೆ ಉದ್ದ ಗೀಟೋ, ಗಿಡ್ಡ ಗೀಟೋ? ಆಗಿನ ಇಂಗ್ಲೆಂಡಿನ ಕಡತಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾದರೆ ಫೆಬ್ರವರಿಯಲ್ಲಿ ಕುರ್ಚಿ ಹತ್ತಿದವರಿಗೆ ಯಾವ ಇಸವಿ?

ಇದಾದರೂ ಸರಿ. ಬೆವರಿಳಿಸುವವರು ರಿಚರ್ಡ್ ಬೆಂಟ್ಲಿ. 1700ರಲ್ಲಿ ಮಾಸ್ಟರಾದ ಈ ಮಹಾಪಂಡಿತರು ಫೆಲೋಗಳ ಜತೆ ದಶಕಗಟ್ಟಲೆ ಕೋರ್ಟು ಕಚೇರಿ ಅಲೆದರು. ಕಾಲೇಜಿನ ದುಡ್ಡಲ್ಲಿ ತಮ್ಮ ಬಂಗಲೆಗೆ ಭರ್ಜರಿ ಮೆಟ್ಟಿಲು ಹಾಕಿಸಿಕೊಂಡದ್ದೂ ಜಗಳಕ್ಕೊಂದು ಕಾರಣ. 1734ರಲ್ಲಿ ಈಲಿಯ ಬಿಷಪ್ಪರು ಪದಚ್ಯುತಿಯ ತೀರ್ಪು ಕೊಟ್ಟೇಬಿಟ್ಟರು. ಜಾರಿ ಮಾಡಬೇಕಾದವರು ಉಪಮಾಸ್ಟರು. ಅವರೋ ಬೆಂಟ್ಲಿ ಕಡೆಯವರು! ಸಾಹೇಬರು 1742ರಲ್ಲಿ ಕಣ್ಣು ಮುಚ್ಚುವವರೆಗೂ ಬಂಗಲೆ ಬಿಟ್ಟು ಕದಲಲಿಲ್ಲ.

ಈಗ ಪಟ್ಟಿಯಲ್ಲಿ ಏನಂತ ಹಾಕೋಣ? ‘1700–1742’ ಎಂದು ಬರೆದು ಕೈತೊಳೆದುಕೊಂಡರೆ ಒಬ್ಬರು “ಅಡಿಟಿಪ್ಪಣಿ ಎಲ್ರೀ?” ಅಂತಾರೆ. ಹಾಕಿದರೆ ಇನ್ನೊಬ್ಬರು, “ಪಟ್ಟಿಗಿಂತ ಟಿಪ್ಪಣಿಯೇ ಉದ್ದವಾಯ್ತಲ್ರೀ!”