ಕಮಲಾಪುರದಲ್ಲಿ ಟ್ರೌಟ್ ಬೇಟೆ

ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಉಬ್ಬಸ, 25 ದಾಟಿದರೆ ಅದರ ತಿಥಿ. ನಮ್ಮ ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ನಲ್ಲಿ ತಿರುವಿದರೆ ಬರುವ ನೀರಿಗೆ ಚಹಾಪುಡಿ ಸಕ್ಕರೆ ಹಾಕಿದರಾಯಿತು, ಒಲೆ ಬೇಕಿಲ್ಲ. ಇಂಥ ಊರಲ್ಲಿ ಹುಟ್ಟಿ, ಮೀನನ್ನು ತಟ್ಟೆಯಲ್ಲಿ ಕೂಡ ಹಿಡಿಯಲು ಬಾರದ ನನ್ನ ಕೈಗೆ ಟ್ರೌಟ್ ಹಿಡಿಯುವ ಕೋಲು ಬಂದು ಸೇರಿತು. ಕೊಲರಾಡೊದಲ್ಲಿರುವ ಭಾವಮೈದ ತಂದದ್ದು. ನಾನು ಕೇಳಿದ್ದು ಊರುಗೋಲು.

7 ಅಡಿ ಉದ್ದ, ಜೇನಿನ ಬಣ್ಣ, ಫೈಬರ್‌ಗ್ಲಾಸ್. ಕೊಟ್ಟವನು ಸುಮ್ಮನೆ ಕೊಡಲಿಲ್ಲ, ಅದರ ವಂಶಾವಳಿಯನ್ನೂ ಓದಿದ. ಎರಡನೇ ಮಹಾಯುದ್ಧದವರೆಗೆ ಒಳ್ಳೆಯ ಫ್ಲೈ ರಾಡ್ ಅಂದರೆ ಸೀಳುಬಿದಿರು. ಯುದ್ಧ ಮುಗಿಯುತ್ತಲೇ ಗಾಜಿನ ನೂಲಿಗೆ ರಾಳ ಮೆತ್ತಿ ಮಾಡಿದ ಕೋಲು ಬಂತು. 1970ರ ದಶಕದಲ್ಲಿ ಗ್ರಾಫೈಟ್ ಬಂದು ಇದನ್ನು ಅಟ್ಟಕ್ಕೇರಿಸಿತು. ಸಣ್ಣ ಹಳ್ಳಗಳ ಶೋಕಿದಾರರು ಮಾತ್ರ ಈಗಲೂ ಗಾಜಿನದನ್ನೇ ಹುಡುಕುತ್ತಾರಂತೆ. ಗ್ರಾಫೈಟಿನದು ಬಿರುಸು ಸ್ವಭಾವ, ದೂರ ಎಸೆಯುವವರಿಗೆ ಸರಿ. ಇದು ನಿಧಾನವಾಗಿ ಬುಡದ ತನಕ ಬಾಗುತ್ತದೆ, 20 ಅಡಿಯಾಚೆ ನೀರು ಕದಡದಂತೆ ದಾರ ಇಳಿಸುತ್ತದೆ. ಮೇಲಾಗಿ, ಬೆರಳುದ್ದದ ಮೀನು ಕಚ್ಚಿದರೂ ಮೊಸಳೆ ಕಚ್ಚಿದ ಹಾಗೆ ಬಾಗುತ್ತದೆ. ಆ ಕೊನೆಯ ಮಾತಿಗೆ ನಾನು ಬಿದ್ದೆ. ನಿವೃತ್ತ ಗುಮಾಸ್ತನಿಗೆ ಮನೆಯಲ್ಲಿ ಒಬ್ಬನಾದರೂ ಹೊಗಳುಭಟ ಬೇಡವೇ?

ಬ್ರಹ್ಮಪುರದ ನಮ್ಮ ಮಾಳಿಗೆಯ ಮೇಲೆ ತಾಲೀಮು ಶುರುವಾಯಿತು. ಫ್ಲೈ ಎಂದರೆ ಕೊಕ್ಕೆಗೆ ಸುತ್ತಿದ ಒಂದಿಷ್ಟು ಕೋಳಿಗರಿ, ಕೂದಲು. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ಎಸೆಯಬೇಕಾದ್ದು ದಪ್ಪನೆಯ ದಾರವನ್ನು. ಅದು ಮೊದಲು ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳಬೇಕು, ಅಷ್ಟು ಹೊತ್ತು ಕಾಯಬೇಕು, ಆಮೇಲೆ ಮುಂದಕ್ಕೆ ಬೀಸಬೇಕು. ಗಾಜಿನ ಕೋಲಿನಲ್ಲಿ ಈ ಕಾಯುವಿಕೆ ಇನ್ನೂ ತುಸು ಹೆಚ್ಚು. ನಲವತ್ತು ವರ್ಷ ಕಚೇರಿಯಲ್ಲಿ ಜನರನ್ನು ಕಾಯಿಸಿದವನಿಗೆ ಸ್ವತಃ ಅರೆಕ್ಷಣ ಕಾಯಲು ಬರಲಿಲ್ಲ. ದಾರ ಕೊರಳಿಗೆ ಸುತ್ತಿತು, ಡಿಶ್ ಆಂಟೆನಾಕ್ಕೆ ಸುತ್ತಿತು, ಕಡೆಗೆ ಪಕ್ಕದ ಮಾಳಿಗೆಗೆ ಹಾರಿ ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಯನ್ನು ಎಳೆಸಮೇತ ಎಳೆದು ತಂದಿತು. ಆ ಮನೆಯ ಅವ್ವ ತಲೆಯೆತ್ತಿ, “ಸಾಹೇಬ್ರ, ಶಾವಗಿ ಬೇಕಂದ್ರ ಬಾಯಿಲೆ ಕೇಳ್ರಿ, ಗಾಳ ಹಾಕಬ್ಯಾಡ್ರಿ” ಅಂದಳು.

ಧೈರ್ಯಕ್ಕೆ ನಾನು ಹಳೆಯವರ ಮೊರೆ ಹೊಕ್ಕೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನೇ ಬರೆದಿದ್ದ. ಟ್ರೌಟ್ ಇಲ್ಲದ ಸೀಮೆಯಲ್ಲೂ ಗಾಳಗಾರನಿಗೆ ಕೆಲಸವಿದೆ ಎಂಬುದಕ್ಕೆ ಅಷ್ಟು ದಪ್ಪದ ಸಾಕ್ಷಿ ಸಾಕು. ಟ್ರೌಟೇ ಬೇಕೆಂದರೆ ನೀಲಗಿರಿಯ ಅವಲಾಂಚೆಗೋ ಮುನ್ನಾರಿಗೋ ಹೋಗಬೇಕು, ಬ್ರಿಟಿಷರು ತಂದು ಬಿಟ್ಟ ಸಂತತಿ ಅಲ್ಲಿದೆ. ನನ್ನ ಮೊಣಕಾಲಿಗೂ ಪಿಂಚಣಿಗೂ ಎಟುಕುವುದು ಕಮಲಾಪುರ. ಹುಮನಾಬಾದ್ ರಸ್ತೆಯಲ್ಲಿ 35 ಕಿಲೋಮೀಟರು, ಗುಡ್ಡದ ಇಳಿಜಾರು, ಮಳೆಗಾಲ ಮುಗಿದಾಗ ಹಳ್ಳದಲ್ಲಿ ನೀರು, ದಂಡೆಗೆ ಬಾಳೆತೋಟ.

ಸಾಯೋ ಬಿಸಿಲಿಗೊಂದು ಟೋಪಿ, ಎಂಟು ಜೇಬಿನ ಕೋಟು, ತೊಡೆಯವರೆಗಿನ ರಬ್ಬರ್ ಬೂಟು ಹಾಕಿಕೊಂಡು ಹಳ್ಳಕ್ಕಿಳಿದೆ. ನೀರು ಹಿಮ್ಮಡಿ ಮುಟ್ಟಿತು. ಪಕ್ಕದಲ್ಲಿ ಮೂರು ನಾಲ್ಕು ಹುಡುಗರು ಬಿದಿರುಕಡ್ಡಿಗೆ ದಾರ ಕಟ್ಟಿ, ಜೋಳದ ಹಿಟ್ಟಿನ ಉಂಡಿ ಚುಚ್ಚಿ, ಬೆಳ್ಳಗಿನ ಸಣ್ಣ ಮೀನುಗಳನ್ನು ಒಂದರ ಮೇಲೊಂದು ಎತ್ತಿ ಡಬ್ಬಿಗೆ ಹಾಕುತ್ತಿದ್ದರು. ಒಬ್ಬ ನನ್ನ ಕೊಕ್ಕೆ ನೋಡಿ ಕೇಳಿದ:

“ಕಾಕಾ, ಅದೇನದ?”

“ನೊಣ.”

“ಖರೇ ನೊಣ ಏನ್ರಿ?”

“ಅಲ್ಲಪ್ಪ, ಅಮೆರಿಕದಾಗ ಮಾಡಿದ್ದು.”

“ಅದ್ಕೇ ನಮ್ಮ ಮೀನ ಗುರ್ತ ಹಿಡೀವಲ್ವು.”

ಅವನಿಗೆ ಪಾಠ ಕಲಿಸಲೆಂದೇ ಜೋರಾಗಿ ಹಿಂದಕ್ಕೆ ಬೀಸಿ, ಈ ಸಲ ಶಾಸ್ತ್ರದಂತೆ ಕಾದು, ಮುಂದಕ್ಕೆ ಎಳೆದೆ. ಕೋಲು ಬಾಗಿತು. ತುದಿ ಬಾಗಿತು, ನಡು ಬಾಗಿತು, ಹಿಡಿಕೆಯವರೆಗೂ ಬಾಗಿತು. ರೀಲು ಕಿರುಗುಟ್ಟಿತು. “ಸಿಕ್ತು!” ಎಂದು ಕೂಗಿದೆ. ಗ್ರಾಫೈಟಾಗಿದ್ದರೆ ಇಂಥ ಸುಖ ಸಿಗುತ್ತಿತ್ತೇ? ಹುಡುಗರು ಹಳ್ಳದ ಕಡೆ ನೋಡದೆ ನನ್ನ ಬೆನ್ನ ಹಿಂದೆ ನೋಡುತ್ತಿದ್ದುದು ತಡವಾಗಿ ಗಮನಕ್ಕೆ ಬಂತು. ಕೊಕ್ಕೆ ದಂಡೆಯ ತೋಟದ ಕೆಂಪು ಬಾಳೆಗೊನೆಗೆ ನೆಟ್ಟಿತ್ತು.

ಕಮಲಾಪುರದ ಕೆಂಪು ಬಾಳೆ ಸಾಮಾನ್ಯ ಬೇಟೆಯಲ್ಲ. ಜಿಐ ಮಾನ್ಯತೆ ಪಡೆದ ಹಣ್ಣು, ಶ್ರೀಮಂತರ ಹಣ್ಣೆಂದು ಹೆಸರು, ಗೊನೆ ಕೈಗೆ ಬರಲು ಸುಮಾರು 18 ತಿಂಗಳು. ಈ ಕೊನೆಯ ಅಂಕಿ ನನಗೆ ತಿಳಿದದ್ದು ತೋಟದ ಯಜಮಾನರ ಬಾಯಿಂದ, ತಾರಸ್ಥಾಯಿಯಲ್ಲಿ. “ದೀಡ್ ವರ್ಷ ಕೂಸಿನಂಗ ಸಾಕೀನ್ರಿ! ಕೊಕ್ಕಿ ಚುಚ್ಚಿದ್ ಹಣ್ಣ ಯಾರ್ ತಗೋತಾರ?” ನಾನು ತಗೊಂಡೆ, ಇಡೀ ಗೊನೆ. ದರದ ಮಾತು ಬೇಡ. ಅಷ್ಟು ದುಡ್ಡಿಗೆ ಅವಲಾಂಚೆಗೆ ಹೋಗಿ ಬರಬಹುದಿತ್ತು. ಬಸ್ಸಿನಲ್ಲಿ ಗೊನೆಗೆ ಲಗೇಜು ಚೀಟಿ ಹರಿದರು. ಕೋಲನ್ನು ನೋಡಿ ಪಕ್ಕದವರು ಕೇಳಿದ್ದು ಒಂದೇ, ಬಾಳೆಗೊನೆ ಇಳಿಸಲು ಇಷ್ಟು ತೆಳ್ಳಗಿನದು ಸಾಲುತ್ತದೆಯೇ ಎಂದು.

ಮನೆಯವಳು ಹಣ್ಣು ಸುಲಿದು ರುಚಿ ನೋಡಿ, ಮುಂದಿನ ಸಲ ದ್ರಾಕ್ಷಿ ಹಿಡಿದು ತರಲು ಹೇಳಿದ್ದಾಳೆ.

ಆದ್ದರಿಂದ ಕಲಬುರಗಿ ಮಂದಿಯಲ್ಲಿ ವಿನಂತಿ. ಕುಲ್ಲು, ತೀರ್ಥನ್ ಕಡೆ ಪ್ರವಾಸ ಹೊರಟವರು ಯಾರಾದರೂ ಇದ್ದರೆ ಬಂದು ಈ ಕೋಲು ಒಯ್ಯಿರಿ, ಬಾಡಿಗೆ ಬೇಡ. ಮೀನಿನ ವಾಸನೆ ಲವಲೇಶವೂ ಇಲ್ಲವೆಂದು ಖಾತರಿ ಕೊಡುತ್ತೇನೆ. ಹಿಮಾಚಲದಲ್ಲಿ ಗಾಳ ಹಾಕಲು ಪರವಾನಗಿ ಮಾಡಿಸಬೇಕು, ನವೆಂಬರಿನಿಂದ ಫೆಬ್ರವರಿ ಮುಗಿಯುವ ತನಕ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ.