ರೆಸಿನ್ ಬಾಣಗಾರನ ಲಕ್ಷಣ ಮೀಮಾಂಸೆ

ಟಿಪ್ಪು ಸುಲ್ತಾನನ ಸೈನ್ಯದ ರಾಕೆಟ್ ಸಿಪಾಯಿಗಳ ಬಗ್ಗೆ ಇದುವರೆಗೆ ಬಂದಿರುವ ಬರಹಗಳಿಗೆಲ್ಲ ಒಂದು ಸಮಾನ ದೋಷವಿದೆ. ಅವನ್ನು ಬರೆದವರಲ್ಲಿ ಯಾರೂ ಅಂಥ ಸಿಪಾಯಿಯೊಬ್ಬನನ್ನು ಅಂಗೈಯಲ್ಲಿ ಹಿಡಿದು, ತಲೆಕೆಳಗು ಮಾಡಿ, ಅವನ ಅಂಗಾಲನ್ನು ಭೂತಗನ್ನಡಿಯಲ್ಲಿ ನೋಡಿದವರಲ್ಲ. ಪ್ರಸ್ತುತ ಲೇಖಕನಿಗೆ ಆ ಭಾಗ್ಯ ಒದಗಿದೆ. ಆದ್ದರಿಂದ ಹಿಂದಿನವರ ಅಭಿಪ್ರಾಯಗಳನ್ನು ಗೌರವದಿಂದ ಪಕ್ಕಕ್ಕಿಟ್ಟು, ಪ್ರತ್ಯಕ್ಷ ಪ್ರಮಾಣವೊಂದನ್ನೇ ಆಧಾರವಾಗಿ ಹಿಡಿದು ಈ ಗ್ರಂಥವನ್ನು ಆರಂಭಿಸಲಾಗಿದೆ.

ವಸ್ತು ನಿರ್ದೇಶ

ಪರಿಶೀಲಿಸಿದ ವಸ್ತುವು ಲೇಖಕನ ಅಕ್ಕನ ಮಗ ಅಂಚೆಯಲ್ಲಿ ತರಿಸಿದ, ಬೂದು ಬಣ್ಣದ ಪಾಲಿಯುರಿಥೇನ್ ರೆಸಿನ್ನಿನ ಪ್ರತಿಮೆ. ಪೆಟ್ಟಿಗೆಯ ಮೇಲೆ 75 ಮಿ.ಮೀ., 1/24 ಪ್ರಮಾಣ, ಮೈಸೂರು ರಾಕೆಟ್ ಸೈನಿಕ ಎಂದು ಅಚ್ಚಾಗಿದೆ. ಪೆಟ್ಟಿಗೆ ತೆರೆದಾಗ ಯೋಧನು ಒಂಬತ್ತು ತುಂಡುಗಳಾಗಿ ಪತ್ತೆಯಾದನು. ತಲೆ ಒಂದು ಕಡೆ, ಎರಡೂ ಕೈಗಳು ಬೇರೊಂದು ಪೊಟ್ಟಣದಲ್ಲಿ, ಕತ್ತಿ ಇನ್ನೆಲ್ಲೋ.

ಇಂಥ ಸ್ಥಿತಿಯಲ್ಲಿ ಸಿಕ್ಕಿದ ಸೈನಿಕನು ಯಾವ ಯುದ್ಧದಲ್ಲಿ ಮಡಿದನು ಎಂಬುದು ಸಹಜವಾಗಿ ಏಳುವ ಮೊದಲ ಪ್ರಶ್ನೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಛಿದ್ರವಾದದ್ದು ಕರ್ನಲ್ ಬೇಯ್ಲಿಯ ಪಡೆ, ನಮ್ಮವರದ್ದಲ್ಲ. 1799ರ ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲಲ್ಲಿ ತಡಕಾಡಿ ಹಿಮ್ಮೆಟ್ಟಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂ ಗೆದ್ದವನೂ ಅವನೇ ಆದ್ದರಿಂದ ಈ ತೋಪಿನ ಸುದ್ದಿಯನ್ನು ಇಂಗ್ಲಿಷರು ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ಉಳಿದದ್ದು ಶ್ರೀರಂಗಪಟ್ಟಣ ಬಿದ್ದ 1799ರ ಮೇ 4. ನಮ್ಮ ಯೋಧ ಅಂದೇ ಒಂಬತ್ತು ತುಂಡಾದನೆಂದು ತೀರ್ಮಾನಿಸಲು ಅಡ್ಡಿಯಿಲ್ಲ.

“ಮಾವ, ರೆಸಿನ್ ಫಿಗರ್‌ಗಳು ಬರೋದೇ ಹೀಗೆ. ನಾವೇ ಸೂಪರ್ ಗ್ಲೂ ಹಾಕಿ ಜೋಡಿಸ್ಕೋಬೇಕು” ಎಂದು ಪ್ರತಿಮೆಯ ಮಾಲೀಕನು ಹೇಳಿದನು. ಇದನ್ನು ಪೂರ್ವಪಕ್ಷವೆಂದು ದಾಖಲಿಸಿಕೊಳ್ಳಲಾಗಿದೆ.

ದೇಹಲಕ್ಷಣ ಪ್ರಕರಣ

ಮೊಣಕೈಗಳ ಕೆಳಗೆ, ಗದ್ದದ ಅಡಿಯಲ್ಲಿ, ಪೇಟದ ಮಡಿಕೆಗಳಲ್ಲಿ ಸಾಸಿವೆಗಿಂತ ಚಿಕ್ಕದಾದ ದುಂಡನೆಯ ಕುಳಿಗಳಿವೆ. ಇವು ಸಿಡುಬಿನ ಕಲೆಗಳು. ಸಿಡುಬಿನ ಲಸಿಕೆ ಭಾರತಕ್ಕೆ, ಅಂದರೆ ಮುಂಬಯಿಗೆ, ಬಂದದ್ದು 1802ರಲ್ಲಿ. ಆದ್ದರಿಂದ ಈ ಪ್ರತಿಮೆಯ ಕಾಲದ ಕೆಳಗಿನ ಮಿತಿ 1802. ಪೆಟ್ಟಿಗೆಯ ಮೇಲೆ ಬೇರೆ ಇಸವಿಯೊಂದು ಅಚ್ಚಾಗಿದೆಯಲ್ಲ ಎಂದು ಕೇಳುವವರಿಗೆ, ಅದು ಪೆಟ್ಟಿಗೆಯ ಕಾಲವನ್ನಷ್ಟೇ ಹೇಳುತ್ತದೆ ಎಂಬುದೇ ಉತ್ತರ.

ಪೂರ್ವಪಕ್ಷಿಯ ವಾದ ಬೇರೆ. ಎರಡು ದ್ರವಗಳನ್ನು ಬೆರೆಸಿ ಸಿಲಿಕೋನ್ ರಬ್ಬರಿನ ಅಚ್ಚಿಗೆ ಹೊಯ್ದಾಗ ಮೂಲೆ ಮುಡುಕಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಒಳ್ಳೆಯ ಕಂಪನಿಗಳು ನಿರ್ವಾತ ಪೆಟ್ಟಿಗೆಯಲ್ಲಿಟ್ಟು ಆ ಗಾಳಿಯನ್ನು ಎಳೆದು ತೆಗೆಯುತ್ತವೆ, ಇದನ್ನು ಮಾಡಿದವರು ಆ ಖರ್ಚು ಉಳಿಸಿದ್ದಾರೆ, ಕುಳಿಗಳಿಗೆ ಪುಟ್ಟಿ ತುಂಬಿದರೆ ಸಾಕು, ಎಂದು. ಪೇಟಕ್ಕೂ ಸಿಡುಬು ಬಂದಿತ್ತೇ ಎಂದು ಅವನು ಕೇಳಿದ್ದು ವಿತಂಡವಾದ.

ಇನ್ನೂ ಮಹತ್ವದ್ದು ಗಾಯದ ಸಂಗತಿ. ಪೇಟದ ನೆತ್ತಿಯಿಂದ ಹೊರಟ ಸಣ್ಣ ಏಣೊಂದು ಬಲಗಿವಿಯನ್ನು ಸರಿಯಾಗಿ ಎರಡು ಭಾಗ ಮಾಡಿ, ಹೆಗಲು, ಪಕ್ಕೆ, ತೊಡೆಗಳ ಮೇಲೆ ಹಾದು ಹಿಮ್ಮಡಿಯವರೆಗೆ ಇಳಿದಿದೆ. ಎಡಗಡೆಯಲ್ಲೂ ಹಾಗೆಯೇ. ನಿಸ್ಸಂಶಯವಾಗಿ ಇದು ಮಾಯ್ದ ಕತ್ತಿಗಾಯ. ಅದೇ ಗಾಯ ನಡುಕಟ್ಟಿನ ಬಟ್ಟೆಗೂ ಆಗಿದೆ, ರಾಕೆಟ್ಟಿನ ಕಬ್ಬಿಣದ ಕೊಳವೆಗೂ ಆಗಿದೆ, ಮತ್ತು ಎಲ್ಲ ಕಡೆಯೂ ಸೊಗಸಾಗಿ ಮಾಯ್ದಿದೆ. ಬಟ್ಟೆಯ ಗಾಯವನ್ನೂ ಕಬ್ಬಿಣದ ಗಾಯವನ್ನೂ ವಾಸಿಮಾಡಬಲ್ಲ ವೈದ್ಯನು ಆ ಕಾಲದ ಶ್ರೀರಂಗಪಟ್ಟಣದಲ್ಲಿ ಇದ್ದನೇ ಎಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯವಾದ ವಿಷಯ. ಅನುದಾನ ಬಂದರೆ ಕೈಗೆತ್ತಿಕೊಳ್ಳಬಹುದು. ಮನುಷ್ಯನನ್ನೂ ಕಬ್ಬಿಣವನ್ನೂ ಒಂದೇ ಏಟಿಗೆ ನೆತ್ತಿಯಿಂದ ಹಿಮ್ಮಡಿವರೆಗೆ ಸೀಳುವ ಕತ್ತಿ ಮೂಸೆಯಲ್ಲಿ ಕರಗಿಸಿ ತೆಗೆದ ನಮ್ಮ ಉಕ್ಕಿನದೇ ಆಗಿರಬೇಕು. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವ ರೀತಿಯನ್ನು 1800ರಲ್ಲಿ ಇಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಕಂಡು ಬರೆದಿದ್ದಾನೆ. ಹಾಗಾದರೆ ನಮ್ಮ ಯೋಧನನ್ನು ಕಡಿದವರು ನಮ್ಮವರೇ ಆಗುತ್ತಾರೆ. ಈ ಅಂಶವನ್ನು ಸದ್ಯಕ್ಕೆ ಇಲ್ಲಿಗೇ ಬಿಡಲಾಗಿದೆ.

“ಅದು ಸೀಮ್ ಲೈನ್ ಮಾವ. ಅಚ್ಚಿನ ಎರಡು ಹೋಳು ಸೇರೋ ಜಾಗ. ಬ್ಲೇಡಲ್ಲಿ ಮೆಲ್ಲಗೆ ಕೆರೆದ್ರೆ ಹೋಗತ್ತೆ.” ಸಾಕ್ಷ್ಯನಾಶದ ಈ ಪ್ರಸ್ತಾವವನ್ನು ಲೇಖಕನು ಒಪ್ಪಲಿಲ್ಲ. ರೆಸಿನ್ನಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಮಾಸ್ಕ್ ಹಾಕಿಕೊಂಡು ನೀರು ಹಚ್ಚಿಯೇ ಉಪ್ಪುಕಾಗದ ಉಜ್ಜಬೇಕು ಎಂಬ ಅವನ ಮಾತು ಮಾತ್ರ ಉಭಯ ಪಕ್ಷಗಳಿಗೂ ಸಮ್ಮತ.

ಮೈ ತುಂಬ ಎಣ್ಣೆಯ ಜಿಡ್ಡಿತ್ತು. ಗರಡಿಯಲ್ಲಿ ಪಳಗಿದವನೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಹಚ್ಚುವ ಜಿಡ್ಡು ಅದು, ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ ಎಂದು ಹೇಳಿ ಪೂರ್ವಪಕ್ಷಿಯು ಪಾತ್ರೆ ತೊಳೆಯುವ ಸೋಪಿನಲ್ಲಿ ಯೋಧನಿಗೆ ಅಭ್ಯಂಜನ ಮಾಡಿಸಿದ್ದರಿಂದ ಈ ಪುರಾವೆಯೂ ಈಗ ಉಳಿದಿಲ್ಲ.

ಎತ್ತರದ ಸಮಸ್ಯೆ

ಇಲ್ಲಿ ವಿದ್ವಾಂಸರು ಎರಡು ಪಂಗಡವಾಗಿದ್ದಾರೆ, ಮತ್ತು ಇದು ತಮಾಷೆಯ ಮಾತಲ್ಲ. ಪ್ರತಿಮೆಯ ಎತ್ತರವೆಂದರೆ ಅಂಗಾಲಿನಿಂದ ಕಣ್ಣಿನವರೆಗೆ ಎಂದು ಒಂದು ಪಂಗಡ, ನೆತ್ತಿಯವರೆಗೆ ಎಂದು ಇನ್ನೊಂದು. ಟೋಪಿ, ಪೇಟ, ಶಿರಸ್ತ್ರಾಣಗಳಿಂದ ನೆತ್ತಿ ಮುಚ್ಚಿಹೋಗುವುದರಿಂದ ಕಣ್ಣೇ ಭರವಸೆಯ ಗುರುತು ಎಂಬುದು ಮೊದಲನೆಯವರ ಯುಕ್ತಿ. ಹಳೆಯ 54 ಮಿ.ಮೀ. ಬೊಂಬೆಗಳ ಕಾಲದಿಂದ ನಡೆದುಬಂದ ಈ ವ್ಯಾಜ್ಯಕ್ಕೆ ರಾಜಿಯಾಗಿಲ್ಲ. ಅದರಿಂದಾಗಿಯೇ ಬೇರೆ ಬೇರೆ ಕಂಪನಿಗಳ ಒಂದೇ ಅಳತೆಯ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬ ಇನ್ನೊಬ್ಬನ ಭುಜಕ್ಕೆ ಬರುತ್ತಾನೆ.

75ನ್ನು 24ರಿಂದ ಗುಣಿಸಿದರೆ 1,800 ಮಿ.ಮೀ. ಇದು ನೆತ್ತಿಯ ಲೆಕ್ಕವಾದರೆ ಯೋಧನ ಎತ್ತರ ಸುಮಾರು 5 ಅಡಿ 11 ಅಂಗುಲ. ಕಣ್ಣಿನ ಲೆಕ್ಕವಾದರೆ ಕಣ್ಣಿನ ಮೇಲಿನ ಭಾಗವೂ ಸೇರಿ 6 ಅಡಿ 3 ಅಂಗುಲ. ಎರಡನೆಯದನ್ನು ಒಪ್ಪಿದರೆ ರಾಗಿಯ ಮಹಿಮೆ ಸಿದ್ಧವಾಗುತ್ತದೆ, ಆದ್ದರಿಂದ ಲೇಖಕನು ಎರಡನೆಯದನ್ನು ಒಪ್ಪಿದ್ದಾನೆ. ಪೇಟ ಬಿಚ್ಚಿ ನೆತ್ತಿಯನ್ನೇ ಅಳೆಯುವ ಪ್ರಯತ್ನವು ಮಾಲೀಕನ ಆಕ್ಷೇಪದಿಂದ ನಿಂತುಹೋಯಿತು.

ಆದರೆ ಅಳತೆಗೋಲು ಹಿಡಿದಾಗ ಕಣ್ಣಿನವರೆಗೆ ಸಿಕ್ಕಿದ್ದು 73.5 ಮಾತ್ರ. ಇದನ್ನು ಕೇಳಿ ಅದುವರೆಗೆ ನಗುತ್ತಿದ್ದ ಪೂರ್ವಪಕ್ಷಿಯ ಮುಖ ಇಳಿಯಿತು. “ರೀಕಾಸ್ಟ್ ಇರ್ಬೇಕು ಮಾವ. ಅದಕ್ಕೇ ಅಷ್ಟು ಅಗ್ಗಕ್ಕೆ ಸಿಕ್ಕಿದ್ದು.”

ಮಾತೃಕಾ ವಿಚಾರ

ಗ್ರಂಥಸಂಪಾದನೆ ಮಾಡಿದವರಿಗೆ ಈ ಪ್ರಕರಣ ಮನೆಯಂಗಳವಿದ್ದಂತೆ. ಶಿಲ್ಪಿಯು ಕೈಯಲ್ಲಿ ತಿದ್ದಿದ ಮೂಲವೇ ಕವಿಯ ಸ್ವಹಸ್ತಾಕ್ಷರ. ಅದರ ಮೇಲೆ ತೆಗೆದ ರಬ್ಬರ್ ಅಚ್ಚು ಮೊದಲ ಮಾತೃಕೆ. ರಬ್ಬರು ಹೊಯ್ದಂತೆಲ್ಲ ಸವೆಯುತ್ತದೆ, ಕೆಲವು ಡಜನ್ ಪ್ರತಿಗಳಾಗುವಷ್ಟರಲ್ಲಿ ಹರಿಯತೊಡಗುತ್ತದೆ. ಆದ್ದರಿಂದ ಮೊದಮೊದಲ ಎರಕದ ಸಿಪಾಯಿಗೆ ಇರುವ ರೆಪ್ಪೆ ಕೊನೆಯ ಎರಕದವನಿಗೆ ಇರುವುದಿಲ್ಲ. ಇನ್ನು ಮಾರಿದ ಪ್ರತಿಯೊಂದನ್ನು ಕೊಂಡು, ಅದರ ಮೇಲೆ ಕದ್ದು ಅಚ್ಚು ತೆಗೆದು, ಮತ್ತೆ ಎರಕ ಹೊಯ್ಯುವವರಿದ್ದಾರೆ. ರೆಸಿನ್ನೂ ರಬ್ಬರೂ ಗಟ್ಟಿಯಾಗುವಾಗ ಕೊಂಚ ಕುಗ್ಗುವುದರಿಂದ ಕಳ್ಳಪ್ರತಿಯು ಮೂಲಕ್ಕಿಂತ ಕಿರಿದಾಗಿರುತ್ತದೆ, ಗುಂಡಿಗಳ ಅಂಚು ಮೊಂಡಾಗಿರುತ್ತದೆ, ಬೆರಳುಗಳು ಅಂಟಿಕೊಂಡಿರುತ್ತವೆ. ನಮ್ಮ ಯೋಧನ ಎಡಗೈಯಲ್ಲಿ ಬೆರಳುಗಳು ಮೂರೂವರೆ.

75 ಇರಬೇಕಾದದ್ದು 73.5 ಆದ, ಅಂದರೆ ಶೇಕಡ 2ರ, ಈ ಕುಗ್ಗುವಿಕೆಯಿಂದ ಒಂದು ಭವ್ಯ ಫಲಿತಾಂಶ ಹೊರಡುತ್ತದೆ. ಒಂದೊಂದು ತಲೆಮಾರಿನ ನಕಲಿಗೂ ಸಿಪಾಯಿ ಶೇಕಡ 2ರಷ್ಟು ಕುಗ್ಗುವುದಾದರೆ, ಮೂವತ್ತೈದು ತಲೆಮಾರು ಹಿಂದಕ್ಕೆ ಹೋದಾಗ ಅವನ ಎತ್ತರ ಇಮ್ಮಡಿಯಾಗುತ್ತದೆ. ಪೂರ್ವಜರು ನಮಗಿಂತ ಬಹಳ ಎತ್ತರವಾಗಿದ್ದರೆಂಬ ಪುರಾಣವಾಕ್ಯಕ್ಕೆ ಗಣಿತದ ಬೆಂಬಲ ದೊರೆಯುತ್ತದೆ.

ಮೂಲವನ್ನು ಹುಡುಕುತ್ತ ಹೋದರೆ ಶಿಲ್ಪಿಯ ಹಿಂದೆ ಒಬ್ಬ ಚಿತ್ರಕಾರ ಸಿಗುತ್ತಾನೆ. ಕೈಯಲ್ಲಿ ರಾಕೆಟ್ಟನ್ನೇ ಬಾವುಟದ ಕೋಲಿನಂತೆ ನೆಟ್ಟಗೆ ಹಿಡಿದು ನಿಂತ ಈ ಭಂಗಿ, ರಾಬರ್ಟ್ ಹೋಮ್ 1793–94ರ ಸುಮಾರಿಗೆ ಬರೆದ ಮೈಸೂರು ಸಿಪಾಯಿಯ ಚಿತ್ರದ್ದು. ಹೋಮ್ ಬಂದದ್ದು ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯದ ಜೊತೆಗೆ. ಅಂದರೆ ಚಿತ್ರಕಾರ ಇದ್ದದ್ದು ರಾಕೆಟ್ ಬೀಳುವ ಕಡೆ. ಬೀಳುವ ಕಡೆ ಇದ್ದವನಿಗೆ ಬಿಡುವವನ ನಡುಕಟ್ಟಿನ ನೆರಿಗೆಗಳು ಇಷ್ಟು ಚೆನ್ನಾಗಿ ಕಂಡದ್ದು ಹೇಗೆ? ಬಾವುಟ ಕಟ್ಟಿದ ರಾಕೆಟ್ಟಿಗೆ ಕಿಡಿ ತಾಗಿಸಿದರೆ ಬಾವುಟದ ಗತಿಯೇನು? ಈ ಎರಡು ಪ್ರಶ್ನೆಗಳನ್ನು ಹೋಮ್‌ನನ್ನು ಯಾರೂ ಕೇಳಿದಂತಿಲ್ಲ.

ನಮ್ಮ ಕಡೆಯ ಸಾಕ್ಷಿಯೆಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಪೊಳ್ಳಿಲೂರು ಚಿತ್ರ. ಪಲ್ಲಕ್ಕಿಯಲ್ಲಿ ಬೇಯ್ಲಿ ಕುಳಿತಿದ್ದಾನೆ, ಅವನ ಮದ್ದಿನ ಬಂಡಿ ಸಿಡಿಯುತ್ತಿದೆ. ಆದರೆ ಮಾಸಿಹೋಗಿದ್ದ ಆ ಚಿತ್ರವನ್ನು ಮತ್ತೆ ಬರೆಸಿದವನು ವೆಲ್ಲೆಸ್ಲಿ. ಡಾಲ್‌ಹೌಸಿಯ ಕಾಲದಲ್ಲಿ ಇನ್ನೊಮ್ಮೆ ಬರೆಸಿದರು. ತಾವು ಸೋತ ಯುದ್ಧದ ಚಿತ್ರವನ್ನು ತಮ್ಮದೇ ಖರ್ಚಿನಲ್ಲಿ ಎರಡು ಸಲ ತಿದ್ದಿಸಿದ ಆ ಜನರ ಔದಾರ್ಯವನ್ನು ಮೆಚ್ಚಬೇಕೋ ಅನುಮಾನಿಸಬೇಕೋ ತಿಳಿಯದು. ಇನ್ನು ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳ ಕಬ್ಬಿಣದ ಕೊಳವೆಗಳನ್ನು ಹೊರತೆಗೆದರು. ಅಲ್ಲಿ ಕಬ್ಬಿಣವಿದೆ, ಸಿಪಾಯಿಯಿಲ್ಲ. ಗೋಡೆಯನ್ನು ತಿದ್ದಿದ್ದಾರೆ, ಹೋಮ್ ಎದುರಾಳಿಯ ಕಡೆಯವನು, ಬಾವಿಗೆ ಬಾಯಿಲ್ಲ. ಹೀಗಾಗಿ, ಯಾರೂ ಇನ್ನೂ ತಿದ್ದದ, ಪ್ರೈಮರ್ ಕೂಡ ಬೀಳದ ರೆಸಿನ್ ಪ್ರತಿಮೆಯೇ ಈ ವಿಷಯದಲ್ಲಿ ಪರಮ ಪ್ರಮಾಣವೆಂಬುದು ಸಿದ್ಧಾಂತ.

ಬಾಣ ಪ್ರಕರಣ

ಲಂಡನ್ನಿನ ವುಲಿಚ್‌ನ ಫಿರಂಗಿ ವಸ್ತುಸಂಗ್ರಹದಲ್ಲಿ ಮೈಸೂರಿನ ಎರಡು ರಾಕೆಟ್ಟುಗಳಿದ್ದವು. ಅವುಗಳ ಅಳತೆಯನ್ನು ವಿಜ್ಞಾನಿ ರೊದ್ದಂ ನರಸಿಂಹ 1985ರ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಒಂದರ ಕೊಳವೆ 58 ಮಿ.ಮೀ. ದಪ್ಪ, 254 ಮಿ.ಮೀ. ಉದ್ದ, ಅದಕ್ಕೆ ಕಟ್ಟಿದ್ದು ಒಂದು ಮೀಟರಿನಷ್ಟು ಉದ್ದದ ನೇರ ಕತ್ತಿ. ಇನ್ನೊಂದು 37 ಮಿ.ಮೀ. ದಪ್ಪ, 198 ಮಿ.ಮೀ. ಉದ್ದ, ತೊಗಲಿನ ಪಟ್ಟಿಯಿಂದ ಬಿಗಿದದ್ದು 1.90 ಮೀಟರಿನ ಬಿದಿರಿಗೆ. ಬೇರೆಡೆ ಕಾಗದ, ಬಿದಿರುಗಳ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದಾಗ ನಮ್ಮವರು ಕಬ್ಬಿಣ ಹಾಕಿದ್ದರಿಂದ ಒಳಗಿನ ಒತ್ತಡ ತಡೆದು ದೂರ ಹಾರುತ್ತಿತ್ತು. ಇಲ್ಲಿಂದ ಒಯ್ದ ಮಾದರಿಗಳನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಮಾಡಿ ಹೆಸರು ಗಳಿಸಿದ.

1/24ರ ಲೆಕ್ಕದಲ್ಲಿ 1.90 ಮೀಟರಿನ ಬಿದಿರು 79 ಮಿ.ಮೀ. ಆಗಬೇಕು. ಪೆಟ್ಟಿಗೆಯಲ್ಲಿ ಸಿಕ್ಕಿದ್ದು 62, ಅದೂ ಬಾಳೆಹಣ್ಣಿನ ಹಾಗೆ ಬಾಗಿದ್ದು. ಕೊಳವೆಯ ದಪ್ಪ ಒಂದೂವರೆಯಿಂದ ಎರಡೂವರೆ ಮಿ.ಮೀ. ಒಳಗಿರಬೇಕಾದದ್ದು ನಾಲ್ಕಿದೆ, ಹಿಗ್ಗಿಸಿದರೆ 96 ಮಿ.ಮೀ. ಕೋಲಿನ ಉದ್ದವೇ ರಾಕೆಟ್ಟಿನ ದಿಕ್ಕನ್ನು ಕಾಯುವುದರಿಂದ, ಮೋಟು ಕೋಲಿನ, ಠೊಣಪ ಕೊಳವೆಯ ಈ ರಾಕೆಟ್ಟನ್ನು ಹಚ್ಚಿದರೆ ಅದು ಸುತ್ತಿ ಬಂದು ಹಚ್ಚಿದವನನ್ನೇ ಕೇಳುತ್ತದೆ. ಮೇಲೆ ಹೇಳಿದ ಒಂಬತ್ತು ತುಂಡುಗಳಿಗೆ ಇದಕ್ಕಿಂತ ತೃಪ್ತಿಕರವಾದ ಕಾರಣ ಸಿಗಲಾರದು. ನಮ್ಮ ಉಕ್ಕಿನ ಕತ್ತಿಯ ಮೇಲೆ ಬಂದಿದ್ದ ಆಪಾದನೆಯೂ ಇದರಿಂದ ನಿವಾರಣೆಯಾಗುತ್ತದೆ.

ಬಿಸಿನೀರಿನಲ್ಲಿ ಅದ್ದಿದರೆ ರೆಸಿನ್ ಮೆತ್ತಗಾಗುತ್ತದೆ, ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ. ಪೂರ್ವಪಕ್ಷಿ ಅದನ್ನು ಮಾಡಿ ನೋಡಿದನು, ಆದರೆ ಮೋಟುತನಕ್ಕೆ ಬಿಸಿನೀರಲ್ಲಿ ಮದ್ದಿಲ್ಲ. ಕೊನೆಗೆ ದೇವರ ಮನೆಗೆ ಹೋಗಿ ಉರಿದು ಮುಗಿದ ಊದುಬತ್ತಿಯ ಕಡ್ಡಿಯೊಂದನ್ನು ತಂದು, 79 ಮಿ.ಮೀ. ಅಳೆದು ಕತ್ತರಿಸಿ, ತಾಮ್ರದ ಎಳೆಯಿಂದ ಬಿಗಿದನು. ಅಸಲಿ ಬಿದಿರು, ಅಸಲಿ ಹೊಗೆ ಕಂಡದ್ದು, ಅಸಲಿ ಮೈಸೂರಿನದು. ಇಡೀ ಪ್ರತಿಮೆಯಲ್ಲಿ ಐತಿಹಾಸಿಕವಾಗಿ ನಿರ್ದೋಷವಾದ ಭಾಗ ಅದೊಂದೇ ಎಂದು ಒಪ್ಪಿಕೊಳ್ಳುವುದು ಲೇಖಕನಿಗೆ ಕಷ್ಟವಾಗಿದೆ. ಏಕೆಂದರೆ ಅದು ಪೂರ್ವಪಕ್ಷಿಯ ಕೊಡುಗೆ.

ವಸ್ತ್ರ ಪ್ರಕರಣ

ಆ ಕಾಲದ ಇಂಗ್ಲಿಷ್ ವಿವರಣೆಯೊಂದರ ಪ್ರಕಾರ ಟಿಪ್ಪುವಿನ ಕಾಲಾಳಿನ ಅಂಗಿ ನೇರಳೆ ಬಣ್ಣದ ಉಣ್ಣೆಬಟ್ಟೆಯದು, ಮೇಲೆ ವಜ್ರಾಕಾರದ ಬಿಳಿ ಮಚ್ಚೆಗಳು. ಹುಲಿಯಂಗಿ ಎಂದೇ ಅದಕ್ಕೆ ಹೆಸರು. ಪೇಟವೂ ನಡುಕಟ್ಟೂ ಕೆಂಪು, ತೊಗಲಿನ ಪಟ್ಟಿಗಳು ಕಪ್ಪು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಪಟ್ಟಿಗಳು ಬೆಳ್ಳಗಿವೆ. ಬಿಳಿ ಪಟ್ಟಿ ತೊಟ್ಟವರು ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು. ಬೊಂಬೆ ಮಾಡಿದವರು ಒಂದು ಕುಂಚದ ಎಳೆತದಲ್ಲಿ ನಮ್ಮವನನ್ನು ಪಕ್ಷಾಂತರ ಮಾಡಿಸಿದ್ದಾರೆ.

ಮಚ್ಚೆಗಳನ್ನು ಅಕ್ಕನ ಮಗ ಒಂದೊಂದಾಗಿ ಕೈಯಲ್ಲೇ ಬರೆಯುತ್ತಿದ್ದಾನೆ, ಉಸಿರು ಬಿಗಿಹಿಡಿದು. ಸಣ್ಣ ವಸ್ತುವಿನ ಮೇಲೆ ಬಣ್ಣ ಗಾಢವಾಗಿ ಕಾಣುವುದರಿಂದ ನೇರಳೆಗೆ ಒಂದಿಷ್ಟು ಬಿಳಿ ಬೆರೆಸಿ ತಿಳಿಮಾಡುತ್ತಾನೆ. ಎಡತೋಳಿನ ಮಚ್ಚೆಗಳ ಸಾಲು ಬಲತೋಳಿಗಿಂತ ಕೂದಲೆಳೆಯಷ್ಟು ಕೆಳಗಿದೆ ಎಂದು ತಿಳಿಸಿದಾಗ ಅವನು ಕುಂಚ ಕೆಳಗಿಟ್ಟು, “ಮಾವ, ಕಾಫಿ ಆಯ್ತಾ ನೋಡಿ ಬನ್ನಿ” ಎಂದನು.

ಸೌಂದರ್ಯ ವಿಚಾರ

ಚೆನ್ನಾಗಿದೆ.

ಪಾದಪೀಠ ಪ್ರಕರಣ

ಯೋಧನ ಎರಡೂ ಅಂಗಾಲುಗಳಿಗೆ ಅಂಟಿಕೊಂಡು ಒಂದು ಒರಟು ರೆಸಿನ್ ಗಟ್ಟಿ ಇತ್ತು. ದ್ರವ ಹೊಯ್ಯುವ ಬಾಯಿ ಅದು, ಗರಗಸದಲ್ಲಿ ಕೊಯ್ದು ಎಸೆಯುವಂಥದ್ದು ಎಂದು ಪೂರ್ವಪಕ್ಷಿ ಹೇಳಿ, ಹಾಗೆಯೇ ಮಾಡಿ, ಪ್ರತಿಮೆಯನ್ನು ಹಿಂದಕ್ಕೆ ಕೇಳಿದನು. ಲೇಖಕನು ಪ್ರತಿಮೆಯನ್ನು ಒಪ್ಪಿಸಿ ಗಟ್ಟಿಯನ್ನು ಕಸದ ಬುಟ್ಟಿಯಿಂದ ಎತ್ತಿಕೊಂಡಿದ್ದಾನೆ. ಅದರ ಸೀಮ್ ಲೈನನ್ನು ಯಾರೂ ಕೆರೆದಿಲ್ಲ, ಜಿಡ್ಡನ್ನು ಯಾರೂ ತೊಳೆದಿಲ್ಲ, ನೇರಳೆ ಬಳಿದಿಲ್ಲ. ಒಂದು ಮಗ್ಗುಲಲ್ಲಿ ಆಕಸ್ಮಿಕವೆನ್ನಲಾಗದ ಐದು ಗೀರುಗಳಿವೆ. ಅವುಗಳಲ್ಲಿ ಮೂರನ್ನು ಲೇಖಕನು ಈಗಾಗಲೇ ಓದಿದ್ದು, ಉಳಿದೆರಡರ ಪಾಠ ನಿಷ್ಕರ್ಷೆಯಾದ ಕೂಡಲೇ ಎರಡನೆಯ ಸಂಪುಟ ಅಚ್ಚಿಗೆ ಹೋಗುತ್ತದೆ. ಮುಂಗಡ ಹಣ ಕಳಿಸಿದವರಿಗೆ ಗಟ್ಟಿಯ ಒಂದು ಚೂರನ್ನು ಉಚಿತವಾಗಿ ಕೊಡಲಾಗುವುದು.