ಟಾಪ್ ಎಂಡ್ ಯಜಮಾನರು

ನಾಲ್ಕು ಮೀಟರಿನೊಳಗಿನ ಸಣ್ಣ ಕಾರನ್ನು, ಅದರಲ್ಲಿ ಸಿಗುವ ಸಕಲ ಸೌಲಭ್ಯಗಳ ಸಮೇತ, ನಿವೃತ್ತಿಯ ಹಣ ಖಾತೆಗೆ ಬಿದ್ದ ವರ್ಷದೊಳಗೆ ಕೊಳ್ಳುವ ಮೈಸೂರಿನ ಗೃಹಸ್ಥರೇ ಟಾಪ್ ಎಂಡ್ ಯಜಮಾನರು. ಕುವೆಂಪುನಗರ, ಸರಸ್ವತೀಪುರಂ, ವಿಜಯನಗರ, ಬೋಗಾದಿ ಕಡೆ ಇವರ ಸಂಖ್ಯೆ ಹೆಚ್ಚು. ಬೆಳಿಗ್ಗೆ ಆರೂವರೆಯ ಹೊತ್ತಿಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಗುಂಪಾಗಿಯೇ ಸಿಗುತ್ತಾರೆ. ಕೆಲಸ ಮಾಡಿದ್ದು ವಿಶ್ವವಿದ್ಯಾನಿಲಯದಲ್ಲೋ, ಸಿಎಫ್‌ಟಿಆರ್‌ಐನಲ್ಲೋ, ರೈಲ್ವೆ ವರ್ಕ್‌ಷಾಪಿನಲ್ಲೋ, ಬೆಮೆಲ್‌ನಲ್ಲೋ ಇರಬಹುದು. ಆದರೆ ಈ ವರ್ಗದ ಅಪ್ಪಟ ಮಾದರಿ ಎಂದರೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ನಿವೃತ್ತ ಮ್ಯಾನೇಜರು. 1913ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಯಜಮಾನರು ಇನ್ನೂ ಆಗಿಲ್ಲ. ಇವತ್ತಿಗೂ ಮಾತು ಶುರುವಾಗುವುದು 'ನಮ್ಮ ಎಸ್‌ಬಿಎಂನಲ್ಲಿ' ಎಂದೇ.

ಇವರ ವಾಹನ ಚರಿತ್ರೆಗೂ ಒಂದು ಕ್ರಮವಿದೆ. ಮೊದಲನೆಯದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬೈಕು. 1961ರಲ್ಲಿ ಬೈಕು ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ಜಾವಾ ಅಥವಾ ಯೆಜ್ಡಿ ಓಡಿಸದ ಹಳೇ ಮೈಸೂರಿಗರು ಕಡಿಮೆ. ಮದುವೆಯಾದ ಮೇಲೆ ಸ್ಕೂಟರು. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಸೆಕೆಂಡ್ ಹ್ಯಾಂಡ್ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನಲ್ಲಿ ಪವರ್ ಸ್ಟಿಯರಿಂಗ್ ಇಲ್ಲ, ಪವರ್ ವಿಂಡೋ ಇಲ್ಲ. ಕಿಟಕಿ ಇಳಿಸಲು ಹಿಡಿ ತಿರುಗಿಸಬೇಕು. ಆ ಹಿಡಿ ತಿರುಗಿಸಿಕೊಂಡೇ ಎರಡು ದಶಕ ಕಳೆದವರು ಅರವತ್ತು ದಾಟಿದ ಮೇಲೆ ತಾಳುವ ನಿರ್ಧಾರ ಒಂದೇ: "ತೊಗೊಳ್ಳೋದೇ ಕೊನೇ ಕಾರು, ಟಾಪ್ ಎಂಡೇ ಇರಲಿ." ಸರ್ವಿಸಿನುದ್ದಕ್ಕೂ ಸಾಲ ಕೇಳಿ ಬಂದವರಿಗೆಲ್ಲ "ನಿಮಗೆ ಎಷ್ಟು ಬೇಕೋ ಅಷ್ಟಕ್ಕೇ ಅರ್ಜಿ ಹಾಕ್ರೀ" ಎಂದು ಬುದ್ಧಿ ಹೇಳಿದ ಬಾಯಿ ಇದು.

ಕೊನೆಯ ಕಾರಿನ ಉದ್ದ 3995 ಮಿಲಿಮೀಟರು. ನೆಕ್ಸಾನ್, ವೆನ್ಯೂ, ಸೋನೆಟ್, ಬ್ರೆಜಾ ಯಾವುದನ್ನು ಅಳೆದರೂ ಅಷ್ಟೇ. ಬೇರೆ ಬೇರೆ ಕಂಪನಿಗಳ ಎಂಜಿನಿಯರುಗಳು ಒಂದೇ ಅಳತೆಗೆ ಬಂದು ನಿಂತದ್ದಕ್ಕೆ ಕಾರಣ ತೆರಿಗೆ. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರು ಮೀರದ, 1200 ಸಿಸಿಯೊಳಗಿನ ಪೆಟ್ರೋಲ್ ಮತ್ತು 1500 ಸಿಸಿಯೊಳಗಿನ ಡೀಸೆಲ್ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಆಮೇಲೆ ಎಲ್ಲರೂ ಗೆರೆಗೆ ಐದು ಮಿಲಿಮೀಟರು ಬಿಟ್ಟು ಕಾರು ಮಾಡತೊಡಗಿದರು. ಉದ್ದವಾಗಿದ್ದ ಸ್ವಿಫ್ಟ್ ಡಿಜೈರಿನ ಡಿಕ್ಕಿಯನ್ನು 2012ರಲ್ಲಿ ಮೊಟಕುಗೊಳಿಸಿದ್ದೂ ಇದಕ್ಕಾಗಿಯೇ. ಜಿಎಸ್‌ಟಿ ಬಂದ ಮೇಲೂ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಉದ್ದ, ಸಿಸಿ ಎರಡರಲ್ಲೂ ಗೆರೆಯೊಳಗಿರುವ ಕಾರಿಗೆ ಶೇ 18, ದಾಟಿದ್ದಕ್ಕೆ ಶೇ 40. ಹೀಗೆ ಸರ್ಕಾರ ಚಿಕ್ಕದಾಗಿಸಿದ ಕಾರಿನೊಳಗೆ ದೊಡ್ಡ ಕಾರಿನ ಸಾಮಾನನ್ನೆಲ್ಲ ತುಂಬಿಸಿಕೊಡುವ ಕಲೆಯ ಹೆಸರೇ ಟಾಪ್ ಎಂಡ್.

ಖರೀದಿಯ ಮೊದಲ ಹಂತ ಅಧ್ಯಯನ. ಯಜಮಾನರು ಬ್ರೋಷರನ್ನು ಬ್ಯಾಂಕಿನ ಲೆಡ್ಜರಿನಂತೆಯೇ ಓದುತ್ತಾರೆ: ಎಡಗೈಯಲ್ಲಿ ಅಡಿಪಟ್ಟಿ, ಬಲಗೈಯಲ್ಲಿ ಕೆಂಪು ಪೆನ್ನು. ಪಟ್ಟಿಯ ಒಂದೊಂದು ಸಾಲಿಗೂ ಅಡಿಪಟ್ಟಿ ಇಟ್ಟು, ಯಾವ ವೇರಿಯೆಂಟಿನಲ್ಲಿ ಚುಕ್ಕೆಯಿದೆ, ಯಾವುದರಲ್ಲಿ ಬರಿಯ ಅಡ್ಡಗೆರೆಯಿದೆ ಎಂದು ನೋಡಿ ಟಿಕ್ ಹಾಕುತ್ತಾರೆ. ಪುಟದ ಕೆಳಗೆ ನಕ್ಷತ್ರಚಿಹ್ನೆ ಹಾಕಿ ಸಣ್ಣಕ್ಷರದಲ್ಲಿ ಅಚ್ಚು ಮಾಡಿದ್ದನ್ನು ಓದುವ ಏಕೈಕ ಗಿರಾಕಿ ಇವರೇ. ಅಲ್ಲೇ ಇವರಿಗೆ ಕಂಪನಿಗಳ ಜಾಣತನವೂ ಗೊತ್ತಾಗುತ್ತದೆ. ಹಿಂದಿನ ಗಾಜಿಗೆ ವೈಪರ್ ಬೇಕಾದರೆ ಅದರ ಜತೆ ಅಲಾಯ್ ವೀಲೂ ಬರುತ್ತದೆ. ಡ್ರೈವರ್ ಸೀಟು ಎತ್ತರಿಸುವ ಸೌಲಭ್ಯ ಬೇಕಾದರೆ ದೊಡ್ಡ ಟಚ್ ಸ್ಕ್ರೀನೂ ಬರುತ್ತದೆ. ಉಪ್ಪಿನಕಾಯಿ ಕೇಳಿದವನಿಗೆ ಪೂರ್ತಿ ಮದುವೆ ಊಟದ ಎಲೆ ಹಾಕಿ ಬಿಲ್ಲು ಕೊಟ್ಟ ಹಾಗೆ. ಇದು ಅನ್ಯಾಯವೆಂದು ಯಜಮಾನರು ಕೆರೆ ಏರಿಯ ಮೇಲೆ ಮೂರು ದಿನ ವಾದಿಸುತ್ತಾರೆ. ನಾಲ್ಕನೆಯ ದಿನ "ಎಲೆ ಹಾಕಿದ್ದಾಯ್ತಲ್ಲ, ಊಟ ಮಾಡೋದೇ" ಎನ್ನುವ ತೀರ್ಮಾನಕ್ಕೆ ಬರುತ್ತಾರೆ.

ಎರಡನೆಯ ಹಂತ ಹತ್ತು ಲಕ್ಷದ ಗೆರೆ. ಕರ್ನಾಟಕದಲ್ಲಿ ಕಾರಿಗೆ ಜೀವಮಾನದ ರಸ್ತೆ ತೆರಿಗೆಯನ್ನು ಒಂದೇ ಸಲ ಕಟ್ಟಬೇಕು, ಮತ್ತು ಇದು ದೇಶದಲ್ಲೇ ದುಬಾರಿಯಾದವುಗಳಲ್ಲೊಂದು. ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಶೇ 14. ಹತ್ತು ದಾಟಿದರೆ ಶೇ 17, ಅದೂ ದಾಟಿದಷ್ಟಕ್ಕಲ್ಲ, ಪೂರ್ತಿ ಬೆಲೆಗೆ. 9,90,000 ರೂಪಾಯಿಯ ಕಾರಿಗೆ ತೆರಿಗೆ 1,38,600. ಅದಕ್ಕೆ ಐವತ್ತು ಸಾವಿರದ ಸನ್‌ರೂಫ್ ಸೇರಿ 10,40,000 ಆದರೆ ತೆರಿಗೆ 1,76,800. ಅಂದರೆ ಐವತ್ತು ಸಾವಿರದ ಕಿಂಡಿಗೆ ತೆರಿಗೆಯೊಂದರಲ್ಲೇ 38,200 ಹೆಚ್ಚು. ಸೆಸ್ ಮತ್ತು ವಿಮೆಯ ಹೆಚ್ಚಳ ಬೇರೆ. ಹತ್ತು ಲಕ್ಷ ಮೀರಿದ ವಾಹನಕ್ಕೆ ಮೂಲದಲ್ಲೇ ಶೇ 1ರಷ್ಟು ಆದಾಯ ತೆರಿಗೆ ವಸೂಲಿಯೂ ಉಂಟು. ಇಷ್ಟು ಲೆಕ್ಕ ಹಾಕಿದ ಯಾರಾದರೂ ಗೆರೆಯ ಈಚೆಗೇ ನಿಲ್ಲುತ್ತಾರೆ. ಯಜಮಾನರಿಗೆ ಕೊನೆಯ ಬಾಬತ್ತು ಕಂಡು ಖುಷಿಯಾಗುತ್ತದೆ. ರಿಟರ್ನ್ ಸಲ್ಲಿಸುವಾಗ ಆ ಶೇ 1ನ್ನು ವಾಪಸು ಪಡೆಯಬಹುದು. ಹತ್ತು ಸಾವಿರ ಹಿಂದಕ್ಕೆ ಬರುತ್ತದೆಂಬ ಸಮಾಧಾನದಲ್ಲಿ ಲಕ್ಷದ ಹತ್ತಿರ ಮುಂದಕ್ಕೆ ಹೋಗುತ್ತದೆ.

ಮೂರನೆಯ ಹಂತ ಷೋರೂಮು. ಅಲ್ಲಿನ ಹುಡುಗ ಕಾರಿನ ಹೊಸ ಸೌಲಭ್ಯವೊಂದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಅದನ್ನು ಮುಗಿಸಿರುತ್ತಾರೆ. ಟೈರನ್ನು ಶೂಗಾಲಿನಿಂದ ಒಮ್ಮೆ ಒತ್ತುವುದು ಕಡ್ಡಾಯ. ವಿಕ್ರಾಂತ್ ಟೈರು ತಯಾರಾದ ಊರಿನವರಿಗೆ ಅಷ್ಟು ಅಧಿಕಾರ ಇದ್ದೇ ಇದೆ. ಟೆಸ್ಟ್ ಡ್ರೈವಿಗೆ ಯಜಮಾನತಿಯೂ ಬಂದಿರುತ್ತಾರೆ. ಇಡೀ ಖರೀದಿಯಲ್ಲಿ ಕೇಳಲಾಗುವ ಏಕೈಕ ಉಪಯುಕ್ತ ಪ್ರಶ್ನೆ ಅವರದು: "ರೀ, ಮಂಡಿನೋವಿನಲ್ಲಿ ಹತ್ತಿ ಇಳಿಯೋಕೆ ಆಗುತ್ತಾ ಇದು?" ಈ ಪ್ರಶ್ನೆಗೆ ಬ್ರೋಷರಿನಲ್ಲಿ ಕಾಲಂ ಇಲ್ಲ. ಪಕ್ಕದ ಸೀಟಿನ ಎತ್ತರ ಸಾಮಾನ್ಯವಾಗಿ ಎಲ್ಲ ವೇರಿಯೆಂಟಿನಲ್ಲೂ ಒಂದೇ ಆದ್ದರಿಂದ ಅದಕ್ಕೆ ಟಿಕ್ ಹಾಕುವಂತೆಯೂ ಇಲ್ಲ.

ಕಾರು ಮನೆಗೆ ಬಂದ ಮೇಲೆ ಸೌಲಭ್ಯಗಳ ಬಾಳು ಶುರುವಾಗುತ್ತದೆ. ಕೋಟೆ ಆಂಜನೇಯಸ್ವಾಮಿ ಗುಡಿಯ ಮುಂದೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಮುಂದಕ್ಕೆ ಹಾಯಿಸುವಾಗ 360 ಡಿಗ್ರಿ ಕ್ಯಾಮೆರಾ ಮೊದಲ ಸಲ ಕೆಲಸಕ್ಕೆ ಬರುತ್ತದೆ. ಪೂಜೆಯಾದ ಮೇಲೂ ಅದು ನಿಜವಾಗಿ ಉಪಯೋಗದ್ದೇ. ಶಿವರಾಂಪೇಟೆಯ ಇಕ್ಕಟ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಬಳಿ, ಕತ್ತು ಹೊರಳದ ವಯಸ್ಸಿನಲ್ಲಿ ಹಿಂದಕ್ಕೆ ತೆಗೆಯುವವರಿಗೆ ಕ್ಯಾಮೆರಾ ದೊಡ್ಡ ಉಪಕಾರಿ. ಯಜಮಾನರು ಮಾತ್ರ ಅದರ ಜತೆಗೆ ಯಜಮಾನತಿಯನ್ನೂ ಕೆಳಗಿಳಿಸಿ "ಬರ್ಲಿ, ಬರ್ಲಿ" ಹೇಳಿಸುತ್ತಾರೆ.

ಗಾಳಿಯಾಡುವ ಸೀಟು ಮೈಸೂರಿನಂಥ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನಗಳ ಹೊರತು ಯಾರಿಗೂ ಬೇಕಾಗುವುದಿಲ್ಲ. ಅದರ ರಂಧ್ರಗಳಿಗೆ ಧೂಳು ಹೋಗಬಾರದೆಂದು ಯಜಮಾನರು ಮೇಲೊಂದು ದಪ್ಪ ಸೀಟ್ ಕವರ್ ಹಾಕಿಸಿರುವುದರಿಂದ ಆ ಪ್ರಶ್ನೆಯೂ ಉಳಿಯುವುದಿಲ್ಲ. ಮಳೆ ಬಿದ್ದರೆ ತಾನೇ ಓಡುವ ವೈಪರು ಕಾರಿನ ಗಾಜು ಒರೆಸುತ್ತಿದ್ದಾಗ ಒಮ್ಮೆ ಕೈಗೆ ಬಡಿದದ್ದರಿಂದ ಆಫ್ ಆಗಿದೆ. ಫೋನಿನಿಂದಲೇ ಎಸಿ ಹಾಕುವ ಆ್ಯಪ್‌ನ ಪಾಸ್‌ವರ್ಡ್ ಬೆಂಗಳೂರಿನಲ್ಲಿರುವ ಮಗನ ಬಳಿ ಇದೆ. ಅಪ್ಪ ಸರಸ್ವತೀಪುರಂನಲ್ಲಿ ಗಾಡಿ ನಿಲ್ಲಿಸಿದರೆ ಮಗನ ಫೋನಿಗೆ ಸಂದೇಶ ಹೋಗುತ್ತದೆ, ಕೂಡಲೇ ಅವನ ಕರೆ ಬರುತ್ತದೆ: "ಅಪ್ಪಾ, ಶುಗರ್ ಇದ್ದೂ ಮತ್ತೆ ಬೇಕರಿ ಹತ್ರ ಯಾಕೆ ನಿಂತಿದ್ದೀರಿ?" ಆಮೇಲೆ ಬೇಕರಿಗೆ ಹಳೇ ಸ್ಕೂಟರಿನಲ್ಲೇ ಹೋಗುವುದು.

ಎಚ್ಚರಿಕೆ ಕೊಡುವ ಮತ್ತು ತಾನೇ ಬ್ರೇಕ್ ಹಾಕುವ ಅಡಾಸ್ ಎಂಬ ವ್ಯವಸ್ಥೆ ಈ ಗಾತ್ರದ ಕಾರುಗಳಿಗೆ ಇಳಿದದ್ದು ಇತ್ತೀಚೆಗೆ, 2023ರ ವೆನ್ಯೂ ಮತ್ತು 2024ರ ಎಕ್ಸ್‌ಯುವಿ 3ಎಕ್ಸ್‌ಒ ಮೂಲಕ. ಲೇನಿನ ಬಿಳಿಗೆರೆಯನ್ನು ಅದು ಕ್ಯಾಮೆರಾದಿಂದ ನೋಡುತ್ತದೆ. ಗೆರೆ ಅಳಿಸಿಹೋದ ಕಡೆ ಸುಮ್ಮನಿರುತ್ತದೆ. ಅಗ್ರಹಾರದ ವೃತ್ತದಲ್ಲಿ ಆಟೊವೊಂದು ಎಡದಿಂದ ನುಗ್ಗಿದಾಗ ಮಾತ್ರ ಕಾರು ತಾನೇ ಗಕ್ಕನೆ ನಿಲ್ಲುತ್ತದೆ. ಯಜಮಾನರು ಪಕ್ಕಕ್ಕೆ ತಿರುಗಿ "ಹ್ಯಾಂಡ್‌ಬ್ರೇಕ್ ಯಾಕೆ ಎಳೆದೆ?" ಎಂದು ಕೇಳುತ್ತಾರೆ. ಆ ದಿನ ಉಳಿದ ದಾರಿಯಲ್ಲಿ ಕಾರಿನೊಳಗೆ ಎಚ್ಚರಿಕೆಯ ಸದ್ದಿನ ಹೊರತು ಬೇರೆ ಮಾತಿಲ್ಲ.

ಕ್ರೂಸ್ ಕಂಟ್ರೋಲಿಗೆ ಒಂದೇ ದಾರಿ: 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ. ಬೈಕು, ಆಟೊಗಳನ್ನು ಅದೇ ಆಗಸ್ಟಿನಿಂದ ಮುಖ್ಯಪಥದಿಂದ ಹೊರಗಿಟ್ಟ ಆ ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ ನೂರು ಕಿಲೋಮೀಟರು. ಮೀರಿದರೆ ಕ್ಯಾಮೆರಾ ಹಿಡಿಯುತ್ತದೆ. ಯಜಮಾನರು ಎಪ್ಪತ್ತೊಂಬತ್ತಕ್ಕೆ ಕ್ರೂಸ್ ಹಾಕುತ್ತಾರೆ. 2019ರ ಜುಲೈನಿಂದ ತಯಾರಾದ ಪ್ರತಿ ಕಾರೂ ಎಂಬತ್ತು ದಾಟಿದೊಡನೆ ಕಾನೂನಿನಂತೆ ಬೀಪ್ ಎನ್ನಬೇಕು. ಆ ಸದ್ದಿಗೆ ಹಿಂದಿನ ಸೀಟಿನಲ್ಲಿ ಮಲಗಿದ ಮೊಮ್ಮಗ ಏಳುತ್ತಾನೆ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಸನ್‌ರೂಫ್. ಬಿಸಿಲಿಗೆ ತೆರೆಯುವಂತಿಲ್ಲ, ಮಳೆಗೆ ತೆರೆಯುವಂತಿಲ್ಲ, ಚಾಮುಂಡಿ ಬೆಟ್ಟದಲ್ಲಿ ಕೋತಿಗಳ ಕಾರಣ ತೆರೆಯುವಂತಿಲ್ಲ. ಮಕ್ಕಳನ್ನು ಅದರೊಳಗಿಂದ ತಲೆ ಹೊರಹಾಕಿ ನಿಲ್ಲಿಸುವುದು ಅಪಾಯ, ಪೊಲೀಸರು ದಂಡ ಹಾಕುತ್ತಾರೆ. ಇಡೀ ವರ್ಷದಲ್ಲಿ ಅದಕ್ಕೆ ಸಲ್ಲುವ ಕಾಲ ದಸರಾ. ವಿದ್ಯುತ್ ಸರಬರಾಜು ನಿಗಮ ಸೆಸ್ಕ್ ಹಾಕಿಸುವ ದೀಪಾಲಂಕಾರದ ಕೆಳಗೆ, ಸಯ್ಯಾಜಿರಾವ್ ರಸ್ತೆಯ ಕಡೆಗೆ ಗಾಡಿಗಳು ಆಮೆಯ ವೇಗದಲ್ಲಿ ಸಾಗುವಾಗ, ಪರದೆ ಸರಿಸಿದರೆ ಮೊಮ್ಮಗ ಕುಳಿತಲ್ಲಿಂದಲೇ ಗಾಜಿನಾಚೆಯ ಬೆಳಕನ್ನೆಲ್ಲ ನೋಡುತ್ತಾನೆ. ಆ ಒಂದು ಗಂಟೆ ಯಜಮಾನರು ಗೆದ್ದವರು.

ಇಷ್ಟರ ನಡುವೆ ಯಾರ ಮಾತಿನಲ್ಲೂ ಬರದ ಸೌಲಭ್ಯಗಳಿವೆ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ 2019ರ ಏಪ್ರಿಲ್‌ನಿಂದ, ಹಿಂದಿನ ಪಾರ್ಕಿಂಗ್ ಸೆನ್ಸರು ಅದೇ ಜುಲೈನಿಂದ, ಮುಂದಿನ ಎರಡು ಏರ್‌ಬ್ಯಾಗು 2022ರ ಆರಂಭದಿಂದ ಅತಿ ಅಗ್ಗದ ವೇರಿಯೆಂಟಿನಲ್ಲೂ ಕಡ್ಡಾಯ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್. 2023ರ ಅಕ್ಟೋಬರಿನಿಂದ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಬಂದಿದೆ. ಕಾರಿನ ಗಟ್ಟಿತನ ಅದರ ಚೌಕಟ್ಟಿನಲ್ಲಿದೆ, ಚೌಕಟ್ಟು ಎಲ್ಲ ವೇರಿಯೆಂಟಿಗೂ ಒಂದೇ. ಟಾಪ್ ಎಂಡಿನ ಹೆಚ್ಚಿನ ಹಣದಲ್ಲಿ ಬಹುಪಾಲು ಹೋಗುವುದು ನೋಟಕ್ಕೆ, ತಂಪಿಗೆ, ಹಾಡಿಗೆ.

ಹಾಗಾದರೆ ಕೊಟ್ಟ ಬೆಲೆಗೆ ಸಾರ್ಥಕವೇ? ಈ ವರ್ಗದ ಕಾರುಗಳಲ್ಲಿ ನಡುವಿನ ವೇರಿಯೆಂಟಿಗೂ ತುತ್ತತುದಿಯದಕ್ಕೂ ಎರಡು-ಮೂರು ಲಕ್ಷದ ಅಂತರ ಸಾಮಾನ್ಯ. ಎರಡೂವರೆ ಲಕ್ಷವನ್ನು ಶೇ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 17,500 ರೂಪಾಯಿ ಬಡ್ಡಿ. ವಿಮೆಯ ಲೆಕ್ಕದಲ್ಲಿ ಐದು ವರ್ಷ ತುಂಬುವ ಹೊತ್ತಿಗೆ ಕಾರಿನ ಮೌಲ್ಯ ಅರ್ಧಕ್ಕಿಳಿಯುತ್ತದೆ, ಸನ್‌ರೂಫೂ ಅದರೊಂದಿಗೇ ಇಳಿಯುತ್ತದೆ. ಮನೆಯಿಂದ ಮಾರುಕಟ್ಟೆ, ದೇವಸ್ಥಾನ, ಆಸ್ಪತ್ರೆ ಎಲ್ಲವೂ ಇಪ್ಪತ್ತು ನಿಮಿಷದೊಳಗಿರುವ ಊರಿನಲ್ಲಿ, ವಾರದ ಐದು ದಿನ ಕವರ್ ಹೊದ್ದು ನಿಲ್ಲುವ ಗಾಡಿಗೆ ಈ ಅಂತರ ಹುಟ್ಟುವುದಿಲ್ಲ. ಹಿಂದಿನ ಕ್ಯಾಮೆರಾ, ಹಿಂಬದಿ ವೈಪರು, ಎತ್ತರಿಸಬಹುದಾದ ಸೀಟು, ಆರು ಏರ್‌ಬ್ಯಾಗು, ಮಂಡಿನೋವಿದ್ದವರಿಗೆ ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಗೇರು, ಇಷ್ಟಿರುವ ನಡುವಿನ ವೇರಿಯೆಂಟು ಹತ್ತು ಲಕ್ಷದೊಳಗೆ ಸಿಕ್ಕರೆ ಮೈಸೂರಿನ ಓಡಾಟಕ್ಕೆ ಅದೇ ಸರಿಯಾದ ಕಾರು. ಅದಕ್ಕೆ ಮೇಲಿನದು ಸಂತೋಷಕ್ಕಾಗಿ ಮಾಡುವ ಖರ್ಚು, ಮತ್ತು ಅದನ್ನು ಖರ್ಚಿನ ಬಾಬತ್ತಿನಲ್ಲೇ ಬರೆದುಕೊಳ್ಳಬೇಕು. ಈ ಲೆಕ್ಕವನ್ನು ಯಜಮಾನರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಪಕ್ಕದ ಮನೆಯವರು ಕಾರು ಕೊಳ್ಳಲು ಸಲಹೆ ಕೇಳಿ ಬಂದಾಗ ಅವರು ಅಂಕಿ ಸಮೇತ ಹೇಳುವುದೂ ಇದನ್ನೇ: "ನಡುವಿನದು ತೊಗೊಳ್ಳಿ ಸಾರ್, ಟಾಪ್ ಎಂಡ್ ದಂಡ."